ಗೋಂದಣ್ಣನ ಮಂಗಳ ಗ್ರಹ

ನಮ್ಮ ಗ್ರಂಥಾಲಯದ ನೆಲಮಾಳಿಗೆಗೆ ಇಳಿದು ಎಡಕ್ಕೆ ತಿರುಗಿದರೆ ಮೊದಲು ಸಿಗುವುದೇ ಬೈಂಡಿಂಗ್ ಕೋಣೆ. ಬಾಗಿಲು ತೆರೆಯುವ ಮೊದಲೇ ಮೈದಾ ಅಂಟಿನ ಹುಳಿ ವಾಸನೆ ಬರುತ್ತಿತ್ತು. ಒಳಗೆ ಒಂದು ಉದ್ದನೆಯ ಮೇಜು, ಪುಸ್ತಕ ಹೊಲಿಯುವ ಮರದ ಚೌಕಟ್ಟು, ಕೈಚಕ್ರ ತಿರುಗಿಸಿ ಬಿಗಿ ಮಾಡುವ ಕಬ್ಬಿಣದ ಒತ್ತುಯಂತ್ರ, ರಸ್ತೆಯ ಮಟ್ಟಕ್ಕಿರುವ ಒಂದೇ ಒಂದು ಕಿಟಕಿ. ಆ ಕಿಟಕಿಯಲ್ಲಿ ನಡೆಯುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಈ ಕತೆ ನಡೆದಾಗ ಆ ಕೋಣೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕೆಲಸ ಮಾಡುತ್ತಿದ್ದವರನ್ನು ಎಲ್ಲರೂ ಗೋಂದಣ್ಣ ಎಂದೇ ಕರೆಯುತ್ತಿದ್ದರು. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುತ್ತಿರಲಿಲ್ಲ.

ನಾನು ಮೇಲಿನ ಮಹಡಿಯಲ್ಲಿ ಪುಸ್ತಕ ಕೊಡುವ, ತೆಗೆದುಕೊಳ್ಳುವ ಮೇಜಿನಲ್ಲಿ ಕೂರುತ್ತಿದ್ದೆ. ಹರಿದ ಪುಸ್ತಕಗಳನ್ನು ವಾರಕ್ಕೊಮ್ಮೆ ಗೋಂದಣ್ಣನ ಕೋಣೆಗೆ ಇಳಿಸುವುದು, ರಿಪೇರಿ ಆದವನ್ನು ಮೇಲಕ್ಕೆ ತರುವುದು ನನ್ನ ಕೆಲಸದ ಒಂದು ಭಾಗವಾಗಿತ್ತು. ಇಲ್ಲಿ ಬರೆದಿರುವುದರಲ್ಲಿ ಅರ್ಧ ನಾನೇ ಕಂಡದ್ದು, ಉಳಿದರ್ಧ ಅವರೂ ಅವರ ಹೆಂಡತಿಯೂ ಬೇರೆ ಬೇರೆಯಾಗಿ ಹೇಳಿದ್ದು. ಇಬ್ಬರ ಮಾತು ಒಂದಕ್ಕೊಂದು ಹೊಂದದ ಕಡೆ ಹೆಂಡತಿಯ ಮಾತನ್ನು ನಂಬಿದ್ದೇನೆ.

ಗೋಂದಣ್ಣನಿಗೆ ಕಸುಬು ಕಲಿಸಿದವರು ಅವರ ತಂದೆ. ಅಚ್ಚಿನ ಮನೆಯಲ್ಲಿ ಒಂದು ದೊಡ್ಡ ಹಾಳೆಯ ಮೇಲೆ ಹದಿನಾರು ಪುಟ ಅಚ್ಚಾಗುತ್ತದೆ. ಆ ಹಾಳೆಯನ್ನು ಮಡಿಸಿದಾಗ ಆಗುವ ತೆಳುವಾದ ಕಂತೆಗೆ ಫಾರಂ ಎನ್ನುತ್ತಾರೆ. ಪ್ರತಿ ಫಾರಂನ ಮೊದಲ ಪುಟದ ಬುಡದಲ್ಲಿ ಸಣ್ಣದೊಂದು ಅಂಕಿ ಇರುತ್ತದೆ. ಒಂದು, ಎರಡು, ಮೂರು ಎಂದು ಆ ಅಂಕಿಯ ಪ್ರಕಾರ ಫಾರಂಗಳನ್ನು ಜೋಡಿಸಿ ಹೊಲಿದರೆ ಪುಸ್ತಕ. "ಅಕ್ಷರ ನೋಡಬೇಡ, ಅಂಕಿ ನೋಡು. ಓದ್ತಾ ಕೂತ್ರೆ ಇತ್ತ ಅಂಟು ಒಣಗಿಹೋಗುತ್ತೆ" ಎಂದು ತಂದೆ ದಿನಕ್ಕೆರಡು ಬಾರಿ ಹೇಳುತ್ತಿದ್ದರಂತೆ. ಗೋಂದಣ್ಣ ಏಳನೆಯ ತರಗತಿಗೆ ಶಾಲೆ ಬಿಟ್ಟು ಈ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಸಾವಿರಾರು ಪುಸ್ತಕಗಳು ಅವರ ಕೈಯಲ್ಲಿ ಬಿಚ್ಚಿ ಮತ್ತೆ ಪುಸ್ತಕಗಳಾಗಿದ್ದವು. ಅವುಗಳಲ್ಲಿ ಒಂದನ್ನೂ ಅವರು ಓದಿರಲಿಲ್ಲ. ಹೊಲಿದ ಪುಸ್ತಕದ ಹಿಂದಿನ ರಟ್ಟಿನ ಒಳಮೈಯಲ್ಲಿ ಪೆನ್ಸಿಲ್ಲಿನಿಂದ ತಾರೀಖು ಬರೆದು ಒಂದು ಪುಟ್ಟ ಗುರುತು ಹಾಕುತ್ತಿದ್ದರು. ಆ ಗುರುತಿದ್ದ ಪುಸ್ತಕ ಒಂದಾದರೂ ತಪ್ಪಿನಿಂದಾಗಿ ವಾಪಸು ಬಂದದ್ದಿಲ್ಲ ಎಂಬುದು ಅವರ ಹೆಮ್ಮೆ.

ಒಂದು ದಿನ ಮೇಲಿನ ಕಪಾಟಿನಿಂದ ರಟ್ಟಿನ ಕಟ್ಟು ಇಳಿಸುವಾಗ ಏಣಿ ಜಾರಿ ಗೋಂದಣ್ಣ ಬಿದ್ದರು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್, ಆರು ವಾರ ರಜೆ. ಅವರ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದರು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ಪು ಬದಲಿಸುವುದು, ಹಳೆಯ ಕೋಟಿಗೆ ಹೊಸ ಒಳಬಟ್ಟೆ ಹಾಕುವುದು. ಗಂಡ ಮೂರು ದಿನ ಆ ಯಂತ್ರದ ಪಕ್ಕದಲ್ಲಿ ಕೂತು ದಾರ ಯಾವುದಿರಬೇಕು, ಗಂಟು ಎಲ್ಲಿ ಬರಬೇಕು ಎಂದು ಸಲಹೆ ಕೊಟ್ಟರು. ನಾಲ್ಕನೆಯ ದಿನ ಹೆಂಡತಿ ಊಟದ ಡಬ್ಬಿಯನ್ನು ಅವರ ಎಡಗೈಗೆ ಕೊಟ್ಟು, "ಮುರಿದಿರೋದು ಕೈ, ಕಾಲಲ್ಲ. ಹೋಗಿ ನಿಮ್ಮ ಕೋಣೇಲಿ ಕೂತ್ಕೊಳ್ಳಿ" ಎಂದರು.

ಆ ಕೋಣೆಯಲ್ಲಿ ಒಂದೇ ಕೈಯಲ್ಲಿ ಮಾಡುವ ಕೆಲಸ ಯಾವುದೂ ಇರಲಿಲ್ಲ. ಗೋಂದಣ್ಣ ಎರಡು ದಿನ ಕಿಟಕಿಯಲ್ಲಿ ಕಾಣುವ ಚಪ್ಪಲಿ, ಬೂಟುಗಳನ್ನು ಎಣಿಸಿದರು. ಗ್ರಂಥಪಾಲಕಿ ಮೇಡಂ ಇದನ್ನು ನೋಡಿ, "ಸುಮ್ನೆ ಕೂರೋ ಬದಲು ಏನಾದ್ರೂ ಓದಬಾರದಾ? ಮೇಲೆ ನಲವತ್ತು ಸಾವಿರ ಪುಸ್ತಕ ಇದೆ" ಎಂದರು.

"ಯಾವುದು ಓದ್ಲಿ ಮೇಡಂ?"

"ನಿಮಗೆ ಇಷ್ಟ ಆಗಿದ್ದು."

ತಮಗೆ ಏನು ಇಷ್ಟವೆಂದು ಅವರಿಗೆ ಗೊತ್ತಿರಲಿಲ್ಲ. ಹಾಗಾಗಿ ಬೈಂಡರ್ ಆರಿಸುವ ಹಾಗೆ ಆರಿಸಿದರು. ಎಡಗೈಯೊಂದೇ ಇರುವುದರಿಂದ, ತೆರೆದಿಟ್ಟರೆ ತೆರೆದಂತೆಯೇ ಮೇಜಿನ ಮೇಲೆ ಬಿದ್ದಿರುವ ಪುಸ್ತಕ ಬೇಕಿತ್ತು. ಹತ್ತಾರು ಪುಸ್ತಕಗಳನ್ನು ತೆರೆದು ಕೈಬಿಟ್ಟು ನೋಡಿದರು. ಎಲ್ಲವೂ ತಾವಾಗಿ ಮುಚ್ಚಿಕೊಂಡವು. ಕೊನೆಗೆ ವಿಜ್ಞಾನದ ಸಾಲಿನ ಕೆಳಗಿನ ಕಪಾಟಿನಲ್ಲಿ ಒಂದು ಸಿಕ್ಕಿತು. ಸಾಮಾನ್ಯ ಜನರಿಗಾಗಿ ಗ್ರಹ, ನಕ್ಷತ್ರಗಳ ಬಗ್ಗೆ ಬರೆದ ಪುಸ್ತಕ, ಎಪ್ಪತ್ತು ವರ್ಷ ಹಳೆಯದು, ನೂರ ತೊಂಬತ್ತೆರಡು ಪುಟ. ಹಿಂದಿನ ರಟ್ಟು ತೆರೆದರೆ ಹದಿನೈದು ವರ್ಷದ ಹಿಂದಿನ ತಾರೀಖು, ಅವರದೇ ಗುರುತು. "ಕೆಲಸ ಚೆನ್ನಾಗಿದೆ" ಎಂದು ತಮ್ಮನ್ನು ತಾವೇ ಹೊಗಳಿಕೊಂಡು ಓದಲು ಕೂತರು.

ಸಾಲಿನ ಕೆಳಗೆ ಬೆರಳಿಟ್ಟು ದಿನಕ್ಕೆ ಐದಾರು ಪುಟ ಓದುತ್ತಿದ್ದರು. ಪ್ರತಿ ಪುಟಕ್ಕೂ ಒಮ್ಮೆ ಮೆಟ್ಟಿಲು ಹತ್ತಿ ನನ್ನ ಮೇಜಿಗೆ ಬರುತ್ತಿದ್ದರು. ಗಂಟೆಗೆ ನಲವತ್ತು ಮೈಲಿ ಓಡುವ ರೈಲು ಎಲ್ಲೂ ನಿಲ್ಲದೆ ಹೋದರೂ ಸೂರ್ಯನನ್ನು ಮುಟ್ಟಲು ಇನ್ನೂರ ಅರವತ್ತೈದು ವರ್ಷ ಬೇಕು ಎಂದು ಅದರಲ್ಲಿ ಬರೆದಿತ್ತು.

"ಅಲ್ಲ, ಹೊರಟಾಗ ಇದ್ದ ಗಾರ್ಡು ದಾರೀಲೇ ಸತ್ತುಹೋಗ್ತಾನಲ್ಲ, ಆಮೇಲೆ ಅವನ ಮಗ ಬಾವುಟ ಹಿಡೀತಾನಾ?" ಎಂದು ಕೇಳಿದರು.

"ಅದು ಲೆಕ್ಕಕ್ಕೆ ಹೇಳಿದ್ದು ಗೋಂದಣ್ಣ, ನಿಜವಾದ ರೈಲಲ್ಲ."

"ಗೊತ್ತು ಮಾರಾಯ. ಆದರೂ ಒಂಬತ್ತು ತಲೆಮಾರಿನ ಗಾರ್ಡುಗಳು ಬೇಕಾಗುತ್ತೆ, ಯೋಚನೆ ಮಾಡು."

ಮೂರನೆಯ ವಾರದಲ್ಲಿ ಅವರು ಮಂಗಳ ಗ್ರಹಕ್ಕೆ ಬಂದರು. ಆ ಕಾಲದ ಕೆಲವು ಖಗೋಳಶಾಸ್ತ್ರಜ್ಞರಿಗೆ ದೂರದರ್ಶಕದಲ್ಲಿ ಮಂಗಳದ ಮೇಲೆ ನೇರವಾದ ಗೆರೆಗಳು ಕಂಡಿದ್ದವು. ಅವು ನೀರಿನ ಕಾಲುವೆಗಳಿರಬಹುದೆಂದು ಅವರಲ್ಲಿ ಕೆಲವರು ನಂಬಿದ್ದರು. ತೊಂಬತ್ತಾರನೆಯ ಪುಟದಲ್ಲಿ ಇಷ್ಟಿತ್ತು. ತೊಂಬತ್ತೇಳನೆಯ ಪುಟದಿಂದ ಆ ಕಾಲುವೆಗಳು ಹತ್ತಿರದಿಂದ ಕಂಡವು. ಎರಡೂ ದಂಡೆಗೆ ಕಲ್ಲು ಕಟ್ಟಿದ್ದರು. ಚಪ್ಪಟೆ ತಳದ ದೋಣಿಗಳು ಸಾಲಾಗಿ ಹೋಗುತ್ತಿದ್ದವು. ನೀರು ಬಿಡುವ ಬಾಗಿಲುಗಳ ಬಳಿ ಒಬ್ಬೊಬ್ಬ ಕಾವಲುಗಾರ ನಿಂತಿದ್ದ, ಸಂಜೆಯಾದಾಗ ತುತ್ತೂರಿ ಊದುತ್ತಿದ್ದ. ಗಾಳಿ ತೆಳುವಾದ್ದರಿಂದ ಅಲ್ಲಿಯ ಜನರ ಎದೆ ಅಗಲ, ಕಾಲು ಸಣ್ಣ. 'ನಾವು ನೋಡಿದೆವು' ಎಂದು ಬರೆದಿದ್ದನ್ನು ಗೋಂದಣ್ಣ ದೊಡ್ಡ ದೂರದರ್ಶಕ ಎಂದು ಅರ್ಥ ಮಾಡಿಕೊಂಡರು. ಮೊದಲಿನ ಪುಟಗಳಲ್ಲೂ 'ನಾವು ನೋಡಿದರೆ', 'ನಮಗೆ ಕಾಣುವಂತೆ' ಎಂದೇ ಬರೆದಿತ್ತಲ್ಲ. ನೂರ ನಲವತ್ತನಾಲ್ಕನೆಯ ಪುಟದ ಕೊನೆಗೆ ಕಾವಲುಗಾರ ತುತ್ತೂರಿ ಕೆಳಗಿಟ್ಟು ಇವರ ಕಡೆ ತಿರುಗಿ ಹೇಳಿದ್ದೇನೆಂದರೆ ಎಂದಿತ್ತು. ಪುಟ ತಿರುಗಿಸಿದರೆ, 'ಗುರು ಗ್ರಹಕ್ಕೆ ನಾಲ್ಕು ದೊಡ್ಡ ಚಂದ್ರಗಳಿವೆ.' ಕಾವಲುಗಾರ ತಿಳಿದವನು ಎಂದುಕೊಂಡು ಮುಂದೆ ಓದಿದರು.

ಈಗ ಇದನ್ನು ಹೇಳಿದರೆ ನಗು ಬರುತ್ತದೆ. ಆಗಿನ್ನೂ ಎಲ್ಲರ ಕೈಗೂ ಫೋನು ಬಂದಿರಲಿಲ್ಲ. ಅದು ವಿಜ್ಞಾನದ ಸಾಲಿನಲ್ಲಿದ್ದ ಪುಸ್ತಕ. ರೈಲಿನ ಲೆಕ್ಕವನ್ನು ಗೋಂದಣ್ಣ ಕಾಗದದ ಮೇಲೆ ಭಾಗಿಸಿ ನೋಡಿದ್ದರು, ಸರಿಯಾಗಿತ್ತು. ಲೆಕ್ಕ ಸರಿಯಾಗಿ ಹೇಳಿದವರು ದೋಣಿಯ ವಿಷಯ ಮಾತ್ರ ಯಾಕೆ ಬಿಡಲಿ?

ದಿನವೂ ರಾತ್ರಿ ಊಟದ ಹೊತ್ತಿಗೆ ಓದಿದ್ದನ್ನು ಮನೆಯಲ್ಲಿ ಒಪ್ಪಿಸುತ್ತಿದ್ದರು. ಹೆಂಡತಿ ಅರ್ಧ ಕೇಳಿ, ಮಿಕ್ಕರ್ಧಕ್ಕೆ ಗುಂಡಿ ಹೊಲಿಯುತ್ತಿದ್ದರು. ಬಸ್ ಓಡಿಸುವ ಭಾವಮೈದ ಬಂದಾಗಲೆಲ್ಲ, "ಭಾವ, ಮಂಗಳಕ್ಕೆ ಬಸ್ ಯಾವಾಗ ಬಿಡ್ತಾರೆ? ಒಂದು ಡ್ಯೂಟಿ ನನಗೂ ಹಾಕ್ಸಿ" ಎನ್ನುತ್ತಿದ್ದ. ಮನಸ್ಸಿಟ್ಟು ಕೇಳಿದವಳು ಮಗಳೊಬ್ಬಳೇ. ಆಗ ಅವಳಿಗೆ ಹನ್ನೊಂದು ವರ್ಷ, ಆರನೆಯ ತರಗತಿ. ಕಾವಲುಗಾರನ ತುತ್ತೂರಿಯ ಉದ್ದ ಎಷ್ಟೆಂದು ಕೇಳಿ ಅಪ್ಪನನ್ನು ಮರುದಿನ ಪುಸ್ತಕದಲ್ಲಿ ಹುಡುಕಿಸಿದ್ದಳು.

ಕೈ ಗುಣವಾಗಿ ಪ್ಲಾಸ್ಟರ್ ತೆಗೆದ ವಾರದಲ್ಲೇ ಶಾಲೆಯಲ್ಲಿ ಪರೀಕ್ಷೆ ನಡೆಯಿತು. ಮಂಗಳ ಗ್ರಹದ ಬಗ್ಗೆ ಐದು ವಾಕ್ಯ ಬರೆಯಬೇಕಿತ್ತು. ಮಗಳು ಹನ್ನೊಂದು ಬರೆದಳು. ಐದಕ್ಕೆ ಸೊನ್ನೆ ಬಂತು. ವಿಜ್ಞಾನದ ಟೀಚರ್ ಉತ್ತರ ಪತ್ರಿಕೆ ಕೊಡುವಾಗ, "ಇದನ್ನೆಲ್ಲ ಎಲ್ಲಿಂದ ತಂದೆ?" ಎಂದು ಕೇಳಿದರು.

"ಪುಸ್ತಕದಿಂದ. ನಮ್ಮಪ್ಪ ಓದಿದಾರೆ."

"ಅಲ್ಲಿ ಜನ ಇಲ್ಲ ಅಂತ ನಿನ್ನ ಪಠ್ಯದಲ್ಲೇ ಇದೆಯಲ್ಲ."

"ಪಠ್ಯದಲ್ಲಿ ಮಂಗಳಕ್ಕೆ ಎರಡು ಸಾಲು ಇದೆ ಟೀಚರ್. ನಮ್ಮಪ್ಪನ ಪುಸ್ತಕದಲ್ಲಿ ಐವತ್ತು ಪುಟ ಇದೆ. ನಿಮಗೆ ಗೊತ್ತಿಲ್ಲ ಅಷ್ಟೆ."

ಇಡೀ ತರಗತಿ ನಕ್ಕಿತು. ಟೀಚರ್ ಬೈಯಲಿಲ್ಲ. ಆ ಪುಸ್ತಕ ತಂದು ತೋರಿಸು, ಇಲ್ಲದಿದ್ದರೆ ಹೀಗೆ ಮಾತಾಡಿದ್ದಕ್ಕೆ ಎಲ್ಲರೆದುರು ತಪ್ಪಾಯಿತು ಎನ್ನಬೇಕು ಎಂದರು. ಸಂಜೆ ಶಾಲೆ ಬಿಡುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯರು ಅವಳ ಹಿಂದೆ ಬಾಯಿಯಲ್ಲೇ ತುತ್ತೂರಿ ಊದುತ್ತ ಗೇಟಿನ ತನಕ ಬಂದರು. ಮರುದಿನ ಅವಳು ಹೊಟ್ಟೆನೋವು ಎಂದು ಮಲಗಿದಳು. ಅದರ ಮರುದಿನವೂ ಹೊಟ್ಟೆನೋವು ಎಂದಾಗ ಹೆಂಡತಿ ಗಂಡನಿಗೆ ಹೇಳಿದರು: "ಔಷಧಿ ನಿಮ್ಮ ಲೈಬ್ರರೀಲಿದೆ. ತಂದುಕೊಡಿ."

ಮೇಡಂ ಅನುಮತಿ ಕೊಟ್ಟರು. ಶುಕ್ರವಾರ ಗೋಂದಣ್ಣ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ, ಮಗಳನ್ನು ಕರೆದುಕೊಂಡು ಶಾಲೆಗೆ ಹೋದರು. ಟೀಚರ್ ಶಿಕ್ಷಕರ ಕೋಣೆಯಲ್ಲಿ ಒಬ್ಬರೇ ಇದ್ದರು. ತೊಂಬತ್ತೇಳನೆಯ ಪುಟ ತೆರೆದು ನಿಂತುಕೊಂಡೇ ಓದತೊಡಗಿದವರು ಕುರ್ಚಿ ಎಳೆದು ಕೂತರು.

"ಇದೆ. ನಿಜವಾಗ್ಲೂ ಇದೆ" ಎಂದರು. "ಕಾಲುವೆ ಅಂತ ಆಗಿನವರು ಕೆಲವರು ನಂಬಿದ್ರು, ಅದು ನನಗೂ ಗೊತ್ತು. ದೋಣಿ, ಕಾವಲುಗಾರ ಅಂತೆಲ್ಲ ಬರೆದಿರೋದು ಇದೇ ಮೊದಲು ನೋಡ್ತಿರೋದು."

"ನಾನು ಹೇಳ್ಲಿಲ್ವಾ?" ಎಂದಳು ಮಗಳು ಬಾಗಿಲ ಬಳಿಯಿಂದ.

ಟೀಚರ್ ಅಲ್ಲಲ್ಲಿ ಓದುತ್ತ ನೂರ ನಲವತ್ತೈದನೆಯ ಪುಟಕ್ಕೆ ಬಂದು ನಿಂತರು. "ಈ ಕಾವಲುಗಾರ ಗುರು ಗ್ರಹದ ಚಂದ್ರಗಳ ವಿಷಯ ಯಾಕೆ ಹೇಳ್ತಾನೆ? ಅದೂ ಹದಿನೈದು ಪುಟ?"

ಆ ಪ್ರಶ್ನೆಯನ್ನು ಗೋಂದಣ್ಣ ತಮ್ಮನ್ನು ತಾವು ಕೇಳಿಕೊಂಡಿರಲಿಲ್ಲ. ಪುಸ್ತಕವನ್ನು ವಾಪಸು ತೆಗೆದುಕೊಂಡರು. ಅವರು ಅಕ್ಷರ ನೋಡಲಿಲ್ಲ. ಪುಸ್ತಕ ಮುಚ್ಚಿ, ಬೆಳಕಿಗೆ ಹಿಡಿದು ಹಾಳೆಗಳ ಅಂಚು ನೋಡಿದರು. ಅಂಚಿನಲ್ಲಿ ನೀರಿನ ಹಳೆಯ ಕಲೆ ತೆಳುವಾಗಿ ಕಾಣುತ್ತಿತ್ತು. ಮೊದಲಿನಿಂದ ಅರ್ಧದವರೆಗೆ ಕಲೆ ಬುಡದಲ್ಲಿತ್ತು. ನಡುವೆ ಮೂರು ಫಾರಂಗಳಷ್ಟು ದಪ್ಪಕ್ಕೆ ಬುಡದಲ್ಲಿ ಕಲೆಯೇ ಇಲ್ಲ, ಮೇಲಿನ ಮೂಲೆಯಲ್ಲಿತ್ತು. ಆಮೇಲೆ ಮತ್ತೆ ಬುಡದಲ್ಲಿ. ಒಂದೇ ಪುಸ್ತಕ ನೀರಿನಲ್ಲಿ ಹಾಗೆ ನೆನೆಯುವುದಿಲ್ಲ. ಇದು ಅವರಿಗೆ ಒಂದು ಕ್ಷಣದಲ್ಲಿ ಗೊತ್ತಾಯಿತು.

ಟೀಚರ್ ಇದನ್ನೆಲ್ಲ ಗಮನಿಸಲಿಲ್ಲ. "ಹೋಗಲಿ ಬಿಡಿ, ಹಳೇ ಕಾಲದವರು ಏನೋ ಕಲ್ಪನೆ ಮಾಡಿ ಬರೆದಿದಾರೆ" ಎಂದರು. "ಅಚ್ಚಾದ ಪುಸ್ತಕದಲ್ಲಿ ಇದೆ ಅಂದಮೇಲೆ ಇವಳ ತಪ್ಪೇನಿಲ್ಲ. ಸೋಮವಾರ ನಾನೇ ಕ್ಲಾಸಲ್ಲಿ ಹೇಳ್ತೀನಿ. ಪುಸ್ತಕ ಬರೆದವರದೇ ತಪ್ಪು ಅಂತ."

ಗೋಂದಣ್ಣ ಪುಸ್ತಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡರು. ಮಗಳು ಮೂರು ದಿನದಲ್ಲಿ ಮೊದಲ ಬಾರಿಗೆ ನಗುತ್ತಿದ್ದಳು.

ಗ್ರಂಥಾಲಯಕ್ಕೆ ಬಂದವರೇ ನನ್ನನ್ನು ಕರೆದುಕೊಂಡು ಕತೆ ಪುಸ್ತಕಗಳ ಕಪಾಟಿಗೆ ಹೋದರು. ಹದಿನೈದು ವರ್ಷದ ಹಿಂದೆ ಮೇಲಿನ ಕೊಳವೆ ಒಡೆದು ಮುನ್ನೂರು ಪುಸ್ತಕ ನೆನೆದಿದ್ದವು. ಹನ್ನೊಂದು ದಿನದಲ್ಲಿ ಅಷ್ಟನ್ನೂ ಬಿಚ್ಚಿ, ಫಾರಂಗಳನ್ನು ಹಗ್ಗಕ್ಕೆ ಹೆಂಡತಿಯ ಬಟ್ಟೆ ಕ್ಲಿಪ್ಪು ಹಾಕಿ ಒಣಗಿಸಿ, ಮತ್ತೆ ಹೊಲಿದವರು ಅವರೊಬ್ಬರೇ. ಅವುಗಳಲ್ಲಿ ಒಂದೇ ಅಚ್ಚಿನ ಮನೆಯ ಎರಡು ಪುಸ್ತಕಗಳಿದ್ದವು. ಒಂದೇ ಕಾಗದ, ಒಂದೇ ಅಕ್ಷರ, ಎರಡಕ್ಕೂ ಹನ್ನೆರಡೇ ಫಾರಂ. ಬೇರೆ ಅಚ್ಚಿನ ಮನೆಯವರು ಫಾರಂನ ಅಂಕಿಯ ಪಕ್ಕ ಪುಸ್ತಕದ ಹೆಸರನ್ನೂ ಚಿಕ್ಕದಾಗಿ ಹಾಕುತ್ತಿದ್ದರು. ಇವರು ಬರೀ ಅಂಕಿ ಹಾಕಿದ್ದರು. ಗೋಂದಣ್ಣ ಅಂಕಿ ನೋಡಿ ಜೋಡಿಸಿದ್ದರು. ಆರಾದ ಮೇಲೆ ಏಳು ಬಂದಿತ್ತು, ಎಂಟು ಬಂದಿತ್ತು, ಒಂಬತ್ತು ಬಂದಿತ್ತು. ಯಾವುದರ ಏಳು ಎಂದು ಹೇಳಬೇಕಾದರೆ ಓದಬೇಕಿತ್ತು.

ಎರಡನೆಯ ಪುಸ್ತಕ ಸಿಕ್ಕಿತು. ಮೂವರು ಗೆಳೆಯರು ತಾವೇ ಕಟ್ಟಿದ ನೌಕೆಯಲ್ಲಿ ಮಂಗಳ ಗ್ರಹಕ್ಕೆ ಹೋಗುವ ಕತೆ. ನಮ್ಮ ಕಡೆ ಇಂಥ ಕತೆಗಳನ್ನು ಯಾರೂ ಬರೆಯದಿದ್ದ ಕಾಲದಲ್ಲಿ ಯಾರೋ ಬರೆದದ್ದು. ತೊಂಬತ್ತಾರನೆಯ ಪುಟದ ಕೊನೆಗೆ 'ನಾವು ಮೂವರೂ ಕಾಲುವೆಯ ಕಡೆಗೆ' ಎಂದಿತ್ತು. ತೊಂಬತ್ತೇಳನೆಯ ಪುಟದ ಮೊದಲಿಗೆ 'ಶಾಲೆಯೊಂದರ ಮಕ್ಕಳ ಮೇಲೆ ಪ್ರಯೋಗವೊಂದನ್ನು ನಡೆಸಲಾಯಿತು' ಎಂದಿತ್ತು. ಅದರ ಅಂಚಿನಲ್ಲಿ ಯಾರೋ ಓದುಗರು ಪೆನ್ಸಿಲ್ಲಿನಲ್ಲಿ ಬರೆದಿದ್ದರು: 'ಇಲ್ಲಿಂದ ಕತೆ ಹಳ್ಳ ಹಿಡಿಯಿತು.' ಕೊಟ್ಟ ತಾರೀಖು ಬರೆಯುವ ಹಿಂದಿನ ಚೀಟಿ ನೋಡಿದೆ. ಮತ್ತೆ ಹೊಲಿದ ಮೇಲೆ ಒಬ್ಬರೇ ಒಬ್ಬರು ತೆಗೆದುಕೊಂಡು ಹೋಗಿದ್ದರು, ಆ ಓದುಗರ ನಂತರ ಯಾರೂ ಇಲ್ಲ.

"ಕಾವಲುಗಾರ ಏನಂದ ನೋಡು" ಎಂದರು ಗೋಂದಣ್ಣ. ನಾನು ನೂರ ನಲವತ್ತೈದನೆಯ ಪುಟ ತೆರೆದು ಓದಿದೆ: 'ಕತ್ತಲಾಗುವುದರೊಳಗೆ ಊರು ಸೇರಿಕೊಳ್ಳಿ. ಇಲ್ಲಿ ಚಳಿ ಜಾಸ್ತಿ.'

"ಪಾಪ. ಸಾಮಾನ್ಯ ಮನುಷ್ಯ" ಎಂದರು.

ಶನಿವಾರ ಅವರು ಎರಡೂ ಪುಸ್ತಕಗಳ ದಾರ ಕತ್ತರಿಸಿ ಮೂರು ಮೂರು ಫಾರಂ ಬೇರೆ ತೆಗೆದರು. ಗ್ರಹಗಳ ಪುಸ್ತಕದ ನಿಜವಾದ ಏಳನೆಯ ಫಾರಂ ಓದಿದಾಗ ಅವರ ಮುಖ ಸಣ್ಣಗಾಯಿತು. ಪುಸ್ತಕ ಬರೆದವರು ಕಾಲುವೆಗಳನ್ನು ನಂಬಿರಲಿಲ್ಲ. ಬಿಡಿ ಬಿಡಿ ಚುಕ್ಕೆಗಳನ್ನು ದೂರದಿಂದ ನೋಡಿದರೆ ಕಣ್ಣು ಅವುಗಳನ್ನು ತಾನೇ ಗೆರೆಯಾಗಿ ಸೇರಿಸಿಕೊಳ್ಳುತ್ತದೆ, ಮಂಗಳದ ಗೆರೆಗಳೂ ಹಾಗೆಯೇ ಇರಬೇಕು, ಶಾಲೆಯ ಮಕ್ಕಳ ಮೇಲೆ ನಡೆಸಿದ ಪ್ರಯೋಗ ಇದನ್ನು ತೋರಿಸಿದೆ, ಅಲ್ಲಿ ದೋಣಿ, ಊರು, ಜನ ಎಂದು ಹೇಳುವವರನ್ನು ಈಗಲೇ ನಂಬಬೇಡಿ ಎಂದು ಎರಡು ಪುಟ ಬರೆದಿದ್ದರು. ಇಂಥವರ ಹೆಸರಿಗೆ ಸೋಮವಾರ ಟೀಚರ್ ನಲವತ್ತೆರಡು ಮಕ್ಕಳೆದುರು ತಪ್ಪು ಹೊರಿಸುವವರಿದ್ದರು.

"ನೀವು ಯಾರಿಗೂ ಹೇಳದೆ ಹೊಲಿದುಬಿಟ್ರೆ ಮುಗೀತಲ್ಲ" ಎಂದೆ. ನನಗೆ ಆ ಹುಡುಗಿಯ ಯೋಚನೆ ಇತ್ತು.

"ಹೊಲಿಯೋದು ಹೊಲೀತೀನಿ. ಮೊದಲು ಅವಳಿಗೆ ಹೇಳಬೇಕು" ಎಂದರು.

ಮನೆಯಲ್ಲಿ ಮೊದಲು ಗೊತ್ತಾದದ್ದು ಹೆಂಡತಿಗೆ. ಅವರು ಯಂತ್ರ ನಿಲ್ಲಿಸಿ ಎಲ್ಲ ಕೇಳಿಸಿಕೊಂಡು ಹೇಳಿದರಂತೆ: "ಒಬ್ಬರ ಪ್ಯಾಂಟಿನ ಕಾಲು ಇನ್ನೊಬ್ಬರ ಪ್ಯಾಂಟಿಗೆ ನಾನು ಹೊಲಿದ್ರೆ ಗಿರಾಕಿ ಅವತ್ತೇ ಬಂದು ಮುಖಕ್ಕೆ ಎಸೀತಾನೆ. ನಿಮ್ಮ ಗಿರಾಕಿಗಳು ಒಳ್ಳೆಯವರು. ಹದಿನೈದು ವರ್ಷ ಹಾಕ್ಕೊಂಡು ಓಡಾಡಿದಾರೆ."

ಭಾನುವಾರ ಬೆಳಿಗ್ಗೆ ಗೋಂದಣ್ಣ ಮಗಳನ್ನು ಮುಂದೆ ಕೂರಿಸಿಕೊಂಡು, ಮನೆಗೆ ತಂದಿದ್ದ ಬಿಡಿ ಫಾರಂಗಳನ್ನು ಮೇಜಿನ ಮೇಲೆ ಹರವಿ ಯಾವುದು ಎಲ್ಲಿಂದ ಎಲ್ಲಿಗೆ ಹೋಯಿತೆಂದು ತೋರಿಸಿದರು.

"ಹಾಗಾದ್ರೆ ದೋಣಿ ಇಲ್ಲ."

"ಇಲ್ಲ."

"ತುತ್ತೂರಿನೂ ಇಲ್ಲ."

"ಕತೇಲಿದೆ. ಮಂಗಳದಲ್ಲಿ ಇಲ್ಲ."

"ನಾಳೆ ಟೀಚರ್ ನನ್ನ ಪರವಾಗಿ ಹೇಳ್ತೀನಿ ಅಂದಿದಾರೆ. ನೀನು ಸುಮ್ನಿರು ಅಪ್ಪ."

"ಅವರು ಪುಸ್ತಕ ಬರೆದವರದು ತಪ್ಪು ಅಂತಾರಮ್ಮ. ಅವರು ಹಾಗೆ ಬರೆದೇ ಇಲ್ಲ. ಅವರು ಬರೆದಿದ್ದನ್ನ ತೆಗೆದು ಬೇರೆ ಕಡೆ ಹೊಲಿದವನು ನಾನು."

"ಅವರು ಸತ್ತುಹೋಗಿದಾರಲ್ವಾ?"

"ಹೋಗಿರಬೇಕು. ಎಪ್ಪತ್ತು ವರ್ಷ ಆಯ್ತಲ್ಲ."

"ಅವರ ವಿಷಯಕ್ಕೆ ಯಾರು ನಕ್ಕರೂ ಅವರಿಗೆ ಗೊತ್ತಾಗಲ್ಲ. ನನಗೆ ಗೊತ್ತಾಗುತ್ತೆ."

ನಾನೇ ಬಂದು ತರಗತಿಯಲ್ಲಿ ಹೇಳುತ್ತೇನೆ ಎಂದರು ಗೋಂದಣ್ಣ. "ನೀನು ಬಂದ್ರೆ ಇನ್ನೂ ಜಾಸ್ತಿ ನಗ್ತಾರೆ" ಎಂದು ಅವಳು ಎದ್ದುಹೋದಳು. ಹೋದವಳನ್ನು ಅವರು ಕರೆಯಲಿಲ್ಲ. ಗ್ರಹಗಳ ಪುಸ್ತಕದ ಏಳನೆಯ ಫಾರಂ ಒಂದನ್ನು ಮೇಜಿನ ಮೇಲೆ ಬಿಟ್ಟು, ಉಳಿದದ್ದನ್ನು ಬಟ್ಟೆಯಲ್ಲಿ ಸುತ್ತಿಟ್ಟು, ತರಕಾರಿ ತರಲು ಹೋದರು.

ಅವರು ಹಿಂದಿರುಗುವ ಹೊತ್ತಿಗೆ ಹೆಂಡತಿ ಮನೆಯ ಒಂದು ತುದಿಯಲ್ಲಿ ಅಡುಗೆಮನೆಯ ಗೋಡೆಗೆ ಒರಗಿ ನಿಂತಿದ್ದರು. ಇನ್ನೊಂದು ತುದಿಯಲ್ಲಿ, ಬೀದಿಬಾಗಿಲಿಗೆ, ಮಗಳು ಹೊಲಿಗೆಯ ಅಳತೆ ಬರೆಯುವ ದೊಡ್ಡ ಕಾಗದವೊಂದನ್ನು ಪಿನ್ನು ಚುಚ್ಚಿ ನಿಲ್ಲಿಸಿದ್ದಳು.

"ಏನು ಕಾಣುತ್ತಮ್ಮ?" ಎಂದು ಮಗಳು ತಾಯಿಯನ್ನು ಕೇಳಿದಳು.

"ಗೆರೆ. ಸೊಟ್ಟ ಗೆರೆ. ಹೀಗೆ ಹೊಲಿದ್ರೆ ಯಾರೂ ಬಟ್ಟೆ ಕೊಡಲ್ಲ."

"ಹತ್ತಿರ ಬಾ."

ಹೆಂಡತಿ ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡರು. ಕಾಗದದ ಮೇಲೆ ಇದ್ದದ್ದು ಶಾಯಿಯ ಬಿಡಿ ಚುಕ್ಕೆಗಳು. "ಅಯ್ಯೋ, ಇದೇನೇ ಇದು" ಎಂದು ಮತ್ತೆ ಹಿಂದೆ ಹೋಗಿ ನೋಡಿ ಬಂದರು. ಮಗಳು ಅಪ್ಪನ ಕಡೆ ತಿರುಗಿ ನೋಡದೆ, "ಚುಕ್ಕೆ ಇನ್ನೂ ಚಿಕ್ಕದು ಮಾಡಬೇಕು. ನಮ್ಮ ಕ್ಲಾಸು ಈ ಮನೆಗಿಂತ ಉದ್ದ" ಎಂದಳು.

ಸೋಮವಾರ ನಡೆದದ್ದನ್ನು ಟೀಚರ್ ಒಂದು ವಾರದ ನಂತರ ಗ್ರಂಥಾಲಯಕ್ಕೆ ಸದಸ್ಯರಾಗಲು ಬಂದಾಗ ನನಗೆ ಹೇಳಿದರು. ಪಾಠ ಶುರುವಾಗುವ ಮೊದಲೇ ಹುಡುಗಿ ಎದ್ದು ನಿಂತಳಂತೆ. ಟೀಚರ್ ಹೇಳುವುದನ್ನು ಆಮೇಲೆ ಹೇಳಲಿ, ಮೊದಲು ಎಲ್ಲರೂ ತಾನು ಬೋರ್ಡಿಗೆ ಅಂಟಿಸಿದ ಚಿತ್ರ ನೋಡಿ ಬರೆದುಕೊಳ್ಳಲಿ ಎಂದಳಂತೆ. ಚಿತ್ರ ಬರೆದದ್ದಾಯಿತು. ಮೊದಲ ಎರಡು ಬೆಂಚಿನವರು ಚುಕ್ಕೆ ಬರೆದಿದ್ದರು. ನಡುವಿನವರಲ್ಲಿ ಅರ್ಧಕ್ಕರ್ಧ. ಹಿಂದಿನ ಮೂರು ಬೆಂಚಿನವರು, ತುತ್ತೂರಿ ಊದಿದವರೂ ಸೇರಿ, ಉದ್ದುದ್ದ ಗೆರೆ ಎಳೆದಿದ್ದರು. ಅವರಲ್ಲೊಬ್ಬಳು ಗೆರೆಗೆ ಕವಲೂ ಬಿಡಿಸಿದ್ದಳು. ಹುಡುಗಿ ಅವರನ್ನು ಒಬ್ಬೊಬ್ಬರನ್ನಾಗಿ ಮುಂದೆ ಕರೆದು ಚುಕ್ಕೆ ತೋರಿಸಿದಳು. ಆಮೇಲೆ ಹೇಳಿದಳಂತೆ: "ಈ ವಿಷಯ ಪುಸ್ತಕದಲ್ಲಿ ಸರಿಯಾಗೇ ಇತ್ತು. ನಮ್ಮಪ್ಪ ಎರಡು ಪುಸ್ತಕ ಸೇರಿಸಿ ಹೊಲಿದುಬಿಟ್ಟಿದ್ರು. ಅದಕ್ಕೆ ದೋಣಿ ಬಂತು. ಟೀಚರ್‌ಗೆ ಗೊತ್ತಿಲ್ಲ ಅಂದಿದ್ದು ಮಾತ್ರ ನಾನು. ತಪ್ಪಾಯ್ತು."

"ಮಾರ್ಕು ಕೊಟ್ರಾ?" ಎಂದು ಕೇಳಿದೆ.

"ಪರೀಕ್ಷೆದು ಸೊನ್ನೆ ಹಾಗೇ ಇದೆ" ಎಂದರು ಟೀಚರ್. "ಅವಳೂ ಕೇಳಲಿಲ್ಲ."

ಆ ಸೋಮವಾರ ಸಂಜೆ ಗೋಂದಣ್ಣ ಕೆಲಸದಿಂದ ಮನೆಗೆ ಹೋದಾಗ ಮಗಳು ಬಾಗಿಲಲ್ಲೇ ಕೂತಿದ್ದಳು.

"ನಕ್ರಾ?" ಎಂದು ಕೇಳಿದರು.

"ನಕ್ರು. ಈ ಸಲ ನಿನ್ನ ವಿಷಯಕ್ಕೆ."

"ಹಾಗಾದ್ರೆ ಸರಿ" ಎಂದು ಚಪ್ಪಲಿ ಬಿಟ್ಟರು.

ರಿಪೇರಿ ದಾಖಲೆಯ ಪುಸ್ತಕದಲ್ಲಿ ಮೇಡಂ ಇದನ್ನು 'ನೀರಿನ ಹಾನಿ' ಎಂದು ಬರೆದು ಮುಗಿಸಲು ನೋಡಿದರು. ಗೋಂದಣ್ಣ ಒಪ್ಪದೆ 'ಬೈಂಡರನ ತಪ್ಪು' ಎಂದು ಬರೆಸಿ, ಕೆಳಗೆ ತಮ್ಮ ಗುರುತು ಹಾಕಿದರು. ಆ ದಿನದಿಂದ ಅವರು ಅಂಕಿಯ ಜೊತೆಗೆ ಪ್ರತಿ ಫಾರಂನ ಕೊನೆಯ ಸಾಲನ್ನೂ ಮುಂದಿನ ಫಾರಂನ ಮೊದಲ ಸಾಲನ್ನೂ ಓದಿ ಹೊಲಿಯತೊಡಗಿದರು. ಕೆಲಸ ನಿಧಾನವಾಯಿತು. ಕೆಲವೊಮ್ಮೆ ಮೊದಲ ಸಾಲು ಎರಡನೆಯ ಸಾಲಿಗೆ, ಅದು ಮೂರನೆಯದಕ್ಕೆ ಎಳೆದುಕೊಂಡು ಹೋಗಿ ಅಂಟು ಒಣಗಿದ್ದೂ ಇದೆ. ಆ ಅಚ್ಚಿನ ಮನೆಯವರು ಇಂಥ ಹದಿನಾರು ಪುಸ್ತಕ ತಂದಿದ್ದರೆಂದು ರಟ್ಟಿನ ಮೇಲಿನ ಪಟ್ಟಿಯಿಂದ ತಿಳಿಯಿತು. ನಮ್ಮ ಕಪಾಟುಗಳಲ್ಲಿ ಹುಡುಕಿದಾಗ ಒಂಬತ್ತು ಸಿಕ್ಕವು. ಧೂಮಕೇತುಗಳ ಮೇಲೊಂದು, ಚಂದ್ರನ ಮೇಲೆರಡು, ಸಮುದ್ರದಡಿಯ ಊರಿನ ಕತೆಯೊಂದು, ಹೀಗೆ. ಒಂದೊಂದಾಗಿ ಬಿಚ್ಚಿ ಹೊಲಿಯುವ ನೆಪದಲ್ಲಿ ಗೋಂದಣ್ಣ ಅಷ್ಟನ್ನೂ ಓದಿದರು.

ಗ್ರಹಗಳ ಪುಸ್ತಕ ಆ ವಾರವೇ ಸರಿಯಾಗಿ ಕಪಾಟಿಗೆ ಹೋಯಿತು. ಪ್ರಯಾಣದ ಕತೆ ಮಾತ್ರ ಎರಡು ತಿಂಗಳಾದರೂ ಮೇಲೆ ಬರಲಿಲ್ಲ. ಮೇಡಂ ಕೇಳಿಕೊಂಡು ಬಾ ಎಂದು ನನ್ನನ್ನು ಕೆಳಗೆ ಕಳಿಸಿದರು. ಹೊಲಿಗೆಯ ಚೌಕಟ್ಟಿನ ಮೇಲೆ ಒಂದರಿಂದ ಏಳರವರೆಗಿನ ಫಾರಂ ಮಾತ್ರ ಕೂತಿತ್ತು, ದಾರ ಕತ್ತರಿಸದೆ ಹಾಗೇ ಇಳಿಬಿಟ್ಟಿತ್ತು.

"ಮಿಕ್ಕಿದ್ದು?"

"ಎಂಟು ಅವಳ ಹತ್ತಿರ ಇದೆ. ಒಂದೊಂದೇ ಫಾರಂ ತಗೊಂಡು ಹೋಗಿ ಓದಿ ವಾಪಸ್ ತರ್ತಾಳೆ. ತಂದಮೇಲೆ ಹೊಲೀತೀನಿ."

"ಪೂರ್ತಿ ಹೊಲಿದು ಒಟ್ಟಿಗೇ ಕೊಡಬಹುದಲ್ಲ?"

"ನಾನೂ ಅದನ್ನೇ ಹೇಳ್ದೆ" ಎಂದರು ಗೋಂದಣ್ಣ, ಅಂಟಿನ ಬಟ್ಟಲು ಕಲಕುತ್ತ. "'ಹೊಲಿಯೋಕೆ ಮುಂಚೆ ನಾನು ಓದಿ ಸರಿ ಇದೆಯಾ ಅಂತ ಹೇಳ್ತೀನಿ, ಆಮೇಲೆ ಹೊಲಿ' ಅಂತಾಳೆ. ಈಗ ನನ್ನ ಕೆಲಸಕ್ಕೆ ಅವಳೇ ಮೇಸ್ತ್ರಿ."